ಕಾರಿನ ಬ್ಯಾಟರಿ: ಮೊದಲು ಬಿಚ್ಚಬೇಕಾದ ತಂತಿ ಯಾವುದು?

ಮನೆಯಲ್ಲಿ ಕಾರಿರುವವರೆಲ್ಲ ಒಂದಲ್ಲ ಒಂದು ದಿನ ಎದುರಿಸಬೇಕಾದ ಸಣ್ಣ ಕೆಲಸವೊಂದರ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅದು ಕಾರಿನ ಬ್ಯಾಟರಿಯ ತಂತಿಗಳನ್ನು ಬಿಚ್ಚುವ ಮತ್ತು ತಿರುಗಿ ಹಾಕುವ ಕೆಲಸ. ಬ್ಯಾಟರಿ ಹಳೆಯದಾದಾಗ, ಅದರ ತುದಿಗಳಿಗೆ ಬಿಳಿಯ ಪುಡಿ ಹಿಡಿದಾಗ, ತಿಂಗಳುಗಟ್ಟಲೆ ಊರು ಬಿಟ್ಟು ಹೋಗಬೇಕಾದಾಗ ಈ ಕೆಲಸ ಬೀಳುತ್ತದೆ. ಎರಡು ನಟ್ಟು, ಒಂದು ಸ್ಪ್ಯಾನರು, ಐದು ನಿಮಿಷ. ಇಷ್ಟಕ್ಕೆ ಒಂದು ಭಾಷಣವೇ ಎಂದು ನಿಮಗೆ ಅನ್ನಿಸಬಹುದು. ಒಂದು ಕಾಲಕ್ಕೆ ನನಗೂ ಹಾಗೆಯೇ ಅನ್ನಿಸುತ್ತಿತ್ತು.

2009ರ ಮಳೆಗಾಲದಲ್ಲಿ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾವು ತೀರ್ಥಹಳ್ಳಿಯ ಕಡೆ ಹೋಗಿದ್ದೆವು. ಬೆಳಿಗ್ಗೆ ಹೊರಡಬೇಕೆಂದಾಗ ಬಾಡಿಗೆಯ ಜೀಪು ಉಸಿರೆತ್ತಲಿಲ್ಲ. ಬೆಳಕು ಸಿಕ್ಕುವ ಹೊತ್ತಿಗೆ ನಾವು ಹೊಳೆಯ ದಂಡೆಯಲ್ಲಿರಬೇಕಿತ್ತು. ಬ್ಯಾಟರಿಯ ಕೊಂಡಿಗಳನ್ನು ಬಿಚ್ಚಿ ಉಜ್ಜಿ ಹಾಕಿದರೆ ಸರಿಹೋದೀತೆಂದು ಸ್ಪ್ಯಾನರು ತೆಗೆದುಕೊಂಡು ನಾನೇ ಮುಂದಾದೆ. ಚಾಲಕರು, "ಸಾರ್, ಮೊದಲು ಮೈನಸ್ ಬಿಚ್ಚಿ" ಎಂದರು. ಯಾಕೆಂದು ಕೇಳಿದೆ. "ಯಾಕೋ ಗೊತ್ತಿಲ್ಲ ಸಾರ್, ನನಗೆ ಕೆಲಸ ಕಲಿಸಿದವರು ಹಾಗೆ ಹೇಳಿದ್ದಾರೆ" ಎಂದರು.

ನಾನು ಭೌತಶಾಸ್ತ್ರ ಓದಿದವನು. ವಿದ್ಯುನ್ಮಂಡಲವನ್ನು ಎಲ್ಲಿ ಕಡಿದರೂ ಪ್ರವಾಹ ನಿಲ್ಲಲೇಬೇಕಲ್ಲವೇ? ಪ್ಲಸ್ಸಾದರೇನು, ಮೈನಸ್ಸಾದರೇನು? ಇದು ಯಾವುದೋ ಗ್ಯಾರೇಜಿನ ನಂಬಿಕೆ ಎಂದುಕೊಂಡು ಕೈಗೆ ಹತ್ತಿರವಿದ್ದ ಪ್ಲಸ್ ತುದಿಗೆ ಸ್ಪ್ಯಾನರು ಹಾಕಿ ತಿರುಗಿಸಿದೆ. ಸ್ಪ್ಯಾನರಿನ ಇನ್ನೊಂದು ತುದಿ ಪಕ್ಕದ ಕಬ್ಬಿಣದ ಪಟ್ಟಿಗೆ ತಗುಲಿತು. ಫಟ್ ಎಂಬ ಸದ್ದು, ಕಣ್ಣು ಕೋರೈಸುವ ನೀಲಿ ಬೆಳಕು. ಕೈಬಿಟ್ಟು ಹಿಂದೆ ಹಾರಿದೆ. ಸ್ಪ್ಯಾನರಿನ ತುದಿಯಲ್ಲಿ ಕಡಲೆಕಾಳಿನಷ್ಟು ಉಕ್ಕು ಕರಗಿಹೋಗಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದೇ ಕೈಯ ಬೆರಳಿನಲ್ಲಿ ಮದುವೆಯ ಉಂಗುರವಿತ್ತು. ಪಟ್ಟಿಗೆ ತಗುಲಿದ್ದು ಸ್ಪ್ಯಾನರು, ಉಂಗುರವಲ್ಲ. ಅದು ನನ್ನ ಪುಣ್ಯ.

ಚಾಲಕರು ಹೇಳಿದ್ದು ಸರಿಯಾಗಿತ್ತು. ನನ್ನ ಭೌತಶಾಸ್ತ್ರವೂ ತಪ್ಪಾಗಿರಲಿಲ್ಲ. ಆದರೆ ಪಠ್ಯಪುಸ್ತಕದಲ್ಲಿ ಮಂಡಲದ ಚಿತ್ರ ಬರೆಯುವವರು ಬ್ಯಾಟರಿ ಬರೆಯುತ್ತಾರೆ, ಬಲ್ಬು ಬರೆಯುತ್ತಾರೆ, ಸ್ಪ್ಯಾನರನ್ನು ಬರೆಯುವುದಿಲ್ಲ. ನಾನು ಮರೆತದ್ದು ಅದನ್ನೇ. ಅದನ್ನು ಚಿತ್ರದೊಳಗೆ ಸೇರಿಸಿ ನೋಡೋಣ.

ಮನೆಯ ದೀಪಕ್ಕೆ ಎರಡು ತಂತಿ ಬರುವುದನ್ನು ನೀವು ನೋಡಿದ್ದೀರಿ. ಕಾರಿನಲ್ಲಿ ಬಹುಪಾಲು ದೀಪ, ಮೋಟಾರುಗಳಿಗೆ ಬ್ಯಾಟರಿಯಿಂದ ಬರುವುದು ಒಂದೇ ತಂತಿ. ಹಿಂದಿರುಗುವ ದಾರಿ ಕಾರಿನ ಲೋಹದ ಮೈಯೇ. ಬ್ಯಾಟರಿಯ ಋಣ ಧ್ರುವದಿಂದ, ಅಂದರೆ ಮೈನಸ್‌ನಿಂದ, ದಪ್ಪ ತಂತಿಯೊಂದು ಹೊರಟು ಕಾರಿನ ಮೈಗೂ ಎಂಜಿನ್ನಿಗೂ ಸೇರುತ್ತದೆ. ಹೀಗಾಗಿ ಬಾನೆಟ್ಟಿನ ಕೆಳಗೆ ಕಾಣುವ ಬಹುಪಾಲು ಲೋಹದ ಭಾಗ ಒಂದು ದೊಡ್ಡ ಮೈನಸ್ ತುದಿ ಇದ್ದಂತೆ.

ಈಗ ಪ್ಲಸ್ ನಟ್ಟಿಗೆ ಸ್ಪ್ಯಾನರು ಹಾಕಿದ್ದೀರಿ ಎಂದುಕೊಳ್ಳಿ. ಆ ಕ್ಷಣದಿಂದ ಸ್ಪ್ಯಾನರೂ ಪ್ಲಸ್ಸೇ. ಅದರ ತುದಿ ಸುತ್ತಲಿನ ಲೋಹಕ್ಕೆ ತಗುಲಿದರೆ ಪ್ಲಸ್ಸು ಮೈನಸ್ಸುಗಳ ನಡುವೆ ಒಂದು ಗೇಣು ಉಕ್ಕಿನ ಸೇತುವೆ ಬಿತ್ತು. ಹಾಗಲ್ಲದೆ ಮೊದಲು ಮೈನಸ್ ನಟ್ಟಿಗೆ ಕೈ ಹಾಕಿದಿರಿ ಎನ್ನೋಣ. ಸ್ಪ್ಯಾನರು ಕಾರಿನ ಮೈಗೆ ತಗುಲಿದರೂ ಮೈನಸ್ಸಿಗೆ ಮೈನಸ್ ಸೇರಿದಂತಾಯಿತು, ಏನೂ ಆಗದು. ಮೈನಸ್ ಕೊಂಡಿ ಬಿಚ್ಚಿ ಪಕ್ಕಕ್ಕೆ ಸರಿಸಿದ ಮೇಲೆ ಬ್ಯಾಟರಿಗೂ ಕಾರಿನ ಮೈಗೂ ಸಂಬಂಧ ಕಡಿಯಿತು. ಆಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಕಾರಿನ ಮೈಗೆ ಎಲ್ಲಿ ತಗುಲಿದರೂ ಪ್ರವಾಹಕ್ಕೆ ಹಿಂದಿರುಗುವ ದಾರಿ ಇಲ್ಲ. ತಿರುಗಿ ಹಾಕುವಾಗ ಇದೇ ತರ್ಕ ತಿರುಗುಮುರುಗು: ಮೊದಲು ಪ್ಲಸ್, ಕೊನೆಗೆ ಮೈನಸ್. ಮೊದಲು ಬಿಚ್ಚಿದ್ದನ್ನು ಕಡೆಗೆ ಹಾಕಬೇಕು ಎಂದು ನೆನಪಿಟ್ಟುಕೊಂಡರೆ ಸಾಕು.

ಒಂದು ಎಚ್ಚರಿಕೆ. 1960ರ ದಶಕದ ಮಧ್ಯದವರೆಗೆ ಬಂದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಮೈಗೆ ಸೇರಿಸುತ್ತಿದ್ದದ್ದು ಪ್ಲಸ್ಸನ್ನು. ಅಜ್ಜನ ಕಾಲದ ಕಾರನ್ನು ಜತನದಿಂದ ಇಟ್ಟುಕೊಂಡವರು ಯಾವ ತಂತಿ ಮೈಗೆ ಹೋಗುತ್ತದೆಂದು ಕಣ್ಣಾರೆ ನೋಡಿ ಅದನ್ನೇ ಮೊದಲು ಬಿಚ್ಚಬೇಕು. ಗುರುತುಗಳು ಅಳಿಸಿಹೋಗಿದ್ದರೆ ಸಾಮಾನ್ಯ ಬ್ಯಾಟರಿಗಳಲ್ಲಿ ಪ್ಲಸ್ ಗೂಟ ಮೈನಸ್ ಗೂಟಕ್ಕಿಂತ ತುಸು ದಪ್ಪವಾಗಿರುತ್ತದೆಂಬುದನ್ನು ಗಮನಿಸಿ.

12 ವೋಲ್ಟಿಗೆ ಇಷ್ಟು ಹೆದರಬೇಕೇ ಎಂದು ನೀವು ಕೇಳಬಹುದು. ಒಣಗಿದ ಕೈಯಿಂದ ಬ್ಯಾಟರಿಯ ಎರಡು ತುದಿಗಳನ್ನೂ ಮುಟ್ಟಿದರೆ ಷಾಕ್ ಹೊಡೆಯುವುದಿಲ್ಲ, ನಿಜ. ಚರ್ಮದ ಪ್ರತಿರೋಧ ಹೆಚ್ಚು, ಅದರ ಮುಂದೆ 12 ವೋಲ್ಟಿನ ಒತ್ತಡ ಏನೇನೂ ಅಲ್ಲ. ಆದರೆ ಉಕ್ಕಿನ ಸ್ಪ್ಯಾನರಿಗೆ ಪ್ರತಿರೋಧ ಇಲ್ಲವೆಂದೇ ಹೇಳಬೇಕು. ಅದರ ಮೂಲಕ ನೂರಾರು ಆಂಪಿಯರ್ ಪ್ರವಾಹ ನುಗ್ಗುತ್ತದೆ. ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ ಕಂಡುಹಿಡಿದ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಜೋಡಿಸಿದ ಮೇಲೆ ಕಾರಿಗೂ ಸೀಸದ ಬ್ಯಾಟರಿಗೂ ಬಿಡಿಸಲಾಗದ ನಂಟು ಬೆಳೆಯಿತು. ತಣ್ಣಗಿರುವ ಎಂಜಿನ್ನನ್ನು ತಿರುಗಿಸಲು ಸಣ್ಣ ಪೆಟ್ರೋಲ್ ಕಾರಿಗೂ 100 ಆಂಪಿಯರಿಗೆ ಮೀರಿದ ಪ್ರವಾಹ ಬೇಕು. ಆ ಪ್ರವಾಹವನ್ನು ಒಮ್ಮೆಗೇ ಸುರಿಯಲೆಂದೇ ಈ ಬ್ಯಾಟರಿಯನ್ನು ಮಾಡಿರುವುದು. ಅದು ಉಂಗುರದ ಮೂಲಕ ಹರಿದರೆ ಉಂಗುರ ಕ್ಷಣದಲ್ಲೇ ಕೆಂಪಗೆ ಕಾಯುತ್ತದೆ. ಬೆರಳಿನಿಂದ ಅದನ್ನು ಕಿತ್ತೆಸೆಯಲು ಸಮಯವಿರುವುದಿಲ್ಲ. ಬಳೆ, ಗಡಿಯಾರದ ಲೋಹದ ಪಟ್ಟಿ, ಕುತ್ತಿಗೆಯ ಸರ ಇವಕ್ಕೂ ಇದೇ ಮಾತು.

ಎರಡನೆಯ ಅಪಾಯ ಕಣ್ಣಿಗೆ ಕಾಣದ್ದು. ಬ್ಯಾಟರಿಯೊಳಗೆ ಸೀಸದ ಫಲಕಗಳೂ ಸಾರ ಕಡಿಮೆ ಮಾಡಿದ ಗಂಧಕಾಮ್ಲವೂ ಇರುತ್ತವೆ. ಚಾರ್ಜ್ ಆಗುವಾಗ, ಅದರಲ್ಲೂ ಮಿತಿಮೀರಿ ಚಾರ್ಜ್ ಆಗುವಾಗ, ಒಳಗಿನ ನೀರು ಒಡೆದು ಜಲಜನಕ ಮತ್ತು ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಜಲಜನಕ ಶೇಕಡಾ 4ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆಗ ಬ್ಯಾಟರಿಯ ಮುಚ್ಚಳ ಸಿಡಿದು ಆಮ್ಲ ಮುಖಕ್ಕೆ ಎರಚಬಹುದು. ಆದ್ದರಿಂದ ಈ ಕೆಲಸಕ್ಕೆ ಗಾಳಿಯಾಡುವ ಜಾಗ ಬೇಕು, ಕಣ್ಣಿಗೆ ಕನ್ನಡಕ ಬೇಕು, ಹತ್ತಿರದಲ್ಲಿ ಬೀಡಿ ಸಿಗರೇಟು ಕೂಡದು. ಚಾರ್ಜರು ಹಾಕಿದ್ದರೆ ಮೊದಲು ಅದರ ಸ್ವಿಚ್ಚು ಆರಿಸಿ ಆಮೇಲೆ ಕ್ಲಿಪ್ಪು ತೆಗೆಯಬೇಕು. ಆಮ್ಲ ಕಣ್ಣಿಗೆ ಬಿದ್ದರೆ ಕಡೇಪಕ್ಷ 15 ನಿಮಿಷ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಇಷ್ಟು ಅಪಾಯದ ಮಾತಾಯಿತು. ಇನ್ನು ಮರೆವಿನ ಮಾತು. ಹಿಂದಿನ ಕಾಲದ ಕಾರ್ಬ್ಯುರೇಟರ್ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದರೆ ಹೆಚ್ಚೆಂದರೆ ಗಡಿಯಾರ ನಿಲ್ಲುತ್ತಿತ್ತು. ಈಗಿನ ಕಾರಿನಲ್ಲಿ ಸಣ್ಣ ಸಣ್ಣ ಕಂಪ್ಯೂಟರುಗಳ ಒಂದು ಸಂಸಾರವೇ ಇದೆ. ಎಂಜಿನ್ನಿಗೆ ಒಂದು, ಬ್ರೇಕಿಗೆ ಒಂದು, ಗಾಳಿಚೀಲಕ್ಕೆ ಒಂದು. ಇವುಗಳ ಜ್ಞಾಪಕಶಕ್ತಿ ಎರಡು ಬಗೆ. ಒಂದನ್ನು ಶಿಲಾಶಾಸನವೆನ್ನಿ, ಇನ್ನೊಂದನ್ನು ಹಲಗೆಯ ಮೇಲಿನ ಬಳಪದ ಬರಹವೆನ್ನಿ. ಶಾಸನ ವಿದ್ಯುತ್ತಿಲ್ಲದೆಯೂ ಉಳಿಯುತ್ತದೆ. ಕಾರು ಎಷ್ಟು ಕಿಲೋಮೀಟರು ಓಡಿದೆ, ಯಾವ ಕೀಲಿಕೈ ತನ್ನದು, ಎಂಜಿನ್ನಿಗೆ ಇಂಧನ ಕೊಡುವ ಮೂಲಸೂತ್ರವೇನು, ಇವೆಲ್ಲ ಆ ಬಗೆಯವು. ಬ್ಯಾಟರಿ ತೆಗೆದರೆ ಕೀಲಿಕೈಯನ್ನೇ ಕಾರು ಮರೆತೀತೆಂದು ಹೆದರಬೇಕಾಗಿಲ್ಲ.

ಹಲಗೆಯ ಬರಹ ವಿದ್ಯುತ್ತು ನಿಂತೊಡನೆ ಅಳಿಯುತ್ತದೆ. ಗಡಿಯಾರ, ರೇಡಿಯೋ ಕೇಂದ್ರಗಳ ಪಟ್ಟಿ, ಕಿಟಕಿಯ ಗಾಜು ಒಂದೇ ಗುಂಡಿಗೆ ಪೂರ್ತಿ ಏರಿ ನಿಲ್ಲುವ ಅಭ್ಯಾಸ ಅಳಿದುಹೋಗಬಹುದು. ಎಂಜಿನ್ ತನ್ನ ಸವೆತಕ್ಕೂ ಧೂಳಿಗೂ ಹೊಂದಿಕೊಂಡು ಕಲಿತ ಸಣ್ಣ ತಿದ್ದುಪಾಟುಗಳು, ಆಟೊಮ್ಯಾಟಿಕ್ ಗೇರು ನಿಮ್ಮ ಓಡಾಟದಿಂದ ಕಲಿತದ್ದು ಕೂಡ ಕೆಲವು ಕಾರುಗಳಲ್ಲಿ ಹೋಗುತ್ತವೆ. ಬಿಟ್ಟುಬಿಟ್ಟು ಕಾಡುವ ದೋಷವೊಂದರ ಸಂಕೇತ ದಾಖಲಾಗಿದ್ದರೆ ಅದೂ ಅಳಿಯಬಹುದು. ಎಂಜಿನ್ ದೀಪ ಹತ್ತಿದೆಯೆಂದು ಬ್ಯಾಟರಿ ಬಿಚ್ಚಿ ಹಾಕುವವರು ರೋಗಿಯ ಚೀಟಿಯನ್ನು ವೈದ್ಯರು ಓದುವ ಮೊದಲೇ ಹರಿದು ಹಾಕಿದಂತೆ.

ನನ್ನ ಮಟ್ಟಿಗೆ ಈ ಮರೆವು ತಂದದ್ದು ಒಂದು ತಮಾಷೆ. 2013ರಲ್ಲಿ ಹಳೆಯ ಕಾರೊಂದನ್ನು ಕೊಂಡೆ. ಬ್ಯಾಟರಿ ಬದಲಾಯಿಸಿದ ಸಂಜೆ ರೇಡಿಯೋ ಹಚ್ಚಿದರೆ ಅದು ನಾಲ್ಕು ಅಂಕಿಗಳ ಗುಪ್ತ ಸಂಖ್ಯೆ ಕೇಳಿತು. ಕಳ್ಳರು ರೇಡಿಯೋವನ್ನು ಕಿತ್ತೊಯ್ದರೆ ಉಪಯೋಗವಾಗದಿರಲಿ ಎಂದು ಮಾಡಿದ ಏರ್ಪಾಡು ಅದು. ಸಂಖ್ಯೆ ಬರೆದ ಕಾರ್ಡು ಮಾರಿದವರ ಬಳಿಯೂ ಇರಲಿಲ್ಲ. ಊರಿಗೆಲ್ಲ ಕಾರ್ಯಕ್ರಮ ತಯಾರಿಸಿ ಕೊಡುವವನ ಕಾರಿನಲ್ಲಿ ಆರು ವಾರ ಮೌನ. ಕಾಗದಪತ್ರಗಳನ್ನು ಹೊತ್ತುಕೊಂಡು ತಿರುಗಿ ಆ ಸಂಖ್ಯೆ ಪಡೆಯಬೇಕಾಯಿತು. ಈಗ ಅದು ಮನೆಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿದೆ.

ಹಾಗಾದರೆ ಮರೆವನ್ನು ತಡೆಯುವುದು ಹೇಗೆ? ಬಹುಪಾಲು ಜನರಿಗೆ ಸಾಕಾಗುವ ಉಪಾಯ ಕಾಗದ ಮತ್ತು ಪೆನ್ಸಿಲ್ಲು. ರೇಡಿಯೋ ಸಂಖ್ಯೆ ಕೈಯಲ್ಲಿದೆಯೇ ನೋಡಿ, ಬೇಕಾದ ಕೇಂದ್ರಗಳನ್ನು ಬರೆದಿಟ್ಟುಕೊಳ್ಳಿ, ಕಾರಿನೊಡನೆ ಬಂದ ಪುಸ್ತಕದಲ್ಲಿ ಬ್ಯಾಟರಿಯ ಪುಟ ಓದಿ. ಕಳೆದುಹೋಗುವುದು ಗಡಿಯಾರ ಮತ್ತು ಕಿಟಕಿಯ ಅಭ್ಯಾಸ ಮಾತ್ರವಾದರೆ ಅದಕ್ಕಾಗಿ ಬೇರೆ ಉಪಕರಣ ಬೇಕಿಲ್ಲ.

ಎರಡನೆಯ ಉಪಾಯ, ಸ್ಮೃತಿರಕ್ಷಕವೆನ್ನಬಹುದಾದ ಸಣ್ಣ ಉಪಕರಣ. ಗ್ಯಾರೇಜುಗಳಲ್ಲಿ ಮೆಮೊರಿ ಸೇವರ್ ಎನ್ನುತ್ತಾರೆ. ಬ್ಯಾಟರಿ ಹೊರಗಿರುವಷ್ಟು ಹೊತ್ತು ಕಾರಿನ ಕಂಪ್ಯೂಟರುಗಳಿಗೆ ಇದು ಬೇರೊಂದು 12 ವೋಲ್ಟಿನ ಮೂಲದಿಂದ ತುಸು ವಿದ್ಯುತ್ತು ಕೊಡುತ್ತಿರುತ್ತದೆ. ಸ್ಟೀರಿಂಗಿನ ಕೆಳಗೆ ದೋಷ ಪರೀಕ್ಷೆಗೆಂದು ಇರುವ 16 ಸೂಜಿಗಳ ಸಾಕೆಟ್ಟಿಗೆ ಇದನ್ನು ಚುಚ್ಚುವುದು ವಾಡಿಕೆ. ಆ ಸಾಕೆಟ್ಟಿನ 16ನೆಯ ಸೂಜಿ ಬ್ಯಾಟರಿಯ ಪ್ಲಸ್ಸಿಗೂ 4ನೆಯದು ಕಾರಿನ ಮೈಗೂ ಸೇರಿರುತ್ತವೆ. ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಚುಚ್ಚುವವೂ ಇವೆ. ಆದರೆ ಎಷ್ಟೋ ಕಾರುಗಳಲ್ಲಿ ಕೀಲಿ ತೆಗೆದೊಡನೆ ಆ ಸಾಕೆಟ್ಟಿನ ಸಂಪರ್ಕವೇ ಕಡಿಯುತ್ತದೆ. ಆಗ ಅದನ್ನು ಚುಚ್ಚಿಯೂ ಪ್ರಯೋಜನವಿಲ್ಲ. 9 ವೋಲ್ಟಿನ ಪುಟ್ಟ ಬ್ಯಾಟರಿಯಿಂದ ನಡೆಯುವವು ಅಗ್ಗವಾಗಿ ಸಿಗುತ್ತವೆ. ಅಷ್ಟರಲ್ಲಿ ನೀವು ಕಾರಿನ ಬಾಗಿಲು ತೆರೆದರೆ ಒಳಗಿನ ದೀಪ ಹತ್ತಿ ಆ ಪುಟ್ಟ ಬ್ಯಾಟರಿ ಸೋಲುತ್ತದೆ. ಇಂಥವನ್ನು ನಾನು ನೆಚ್ಚುವುದಿಲ್ಲ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬಂದೆ. ಗಮನವಿಟ್ಟು ಯೋಚಿಸಿ: ನಾವು ಬ್ಯಾಟರಿ ಬಿಚ್ಚುವುದು ಕಾರಿನಲ್ಲಿ ವಿದ್ಯುತ್ತು ಇರಬಾರದೆಂದು. ಸ್ಮೃತಿರಕ್ಷಕ ಹಾಕುವುದು ಕಾರಿನಲ್ಲಿ ವಿದ್ಯುತ್ತು ಇರಲೆಂದು. ಇವೆರಡೂ ಒಂದಕ್ಕೊಂದು ಎದುರಾದ ಆಸೆಗಳು. ರಕ್ಷಕ ಜೋಡಿಸಿರುವಾಗ ಬಿಚ್ಚಿದ ಪ್ಲಸ್ ತಂತಿಯ ತುದಿ ಸತ್ತಿರುವುದಿಲ್ಲ, ಜೀವಂತವಾಗಿಯೇ ಇರುತ್ತದೆ. ಅದು ಕಾರಿನ ಮೈಗೆ ತಗುಲಿದರೆ ಫ್ಯೂಸು ಹೋಗಿ, ಉಳಿಸಲು ಹೊರಟ ಸ್ಮೃತಿಯೂ ಹೋಗುತ್ತದೆ. ಪುಟ್ಟ ಉಪಕರಣದ ಬದಲು ಇನ್ನೊಂದು ಕಾರಿನ ಬ್ಯಾಟರಿಯನ್ನೇ ದಪ್ಪ ತಂತಿಯಿಂದ ಜೋಡಿಸಿದ್ದರಂತೂ ತೀರ್ಥಹಳ್ಳಿಯಲ್ಲಿ ನಾನು ಕಂಡ ನೀಲಿ ಬೆಳಕು ನಿಮಗೂ ಕಾಣುತ್ತದೆ. ಆದ್ದರಿಂದ ರಕ್ಷಕ ಹಾಕಿ ಕೆಲಸ ಮಾಡುವವರು ಪ್ಲಸ್ ತುದಿಯನ್ನು ಬಿಚ್ಚಿದ ಕೂಡಲೇ ಹಳೆಯ ರಬ್ಬರ್ ಕೈಚೀಲದೊಳಗೆ ತೂರಿಸಿ ಬಿಗಿಯಾಗಿ ಕಟ್ಟಬೇಕು.

ಬ್ಯಾಟರಿಯನ್ನು ಬದಲಾಯಿಸುವುದಷ್ಟೇ ಕೆಲಸವಾದರೆ ರಕ್ಷಕ ಹಾಕಬಹುದು. ತಂತಿ ರಿಪೇರಿ, ಸ್ಟಾರ್ಟರ್ ಅಥವಾ ಆಲ್ಟರ್ನೇಟರ್ ಬಿಚ್ಚುವುದು, ಗಾಳಿಚೀಲದ ಹತ್ತಿರದ ಕೆಲಸ, ಕಾರಿನ ಮೈಗೆ ವೆಲ್ಡಿಂಗ್, ಇವಕ್ಕೆಂದು ಬ್ಯಾಟರಿ ಬಿಚ್ಚುವುದಾದರೆ ರಕ್ಷಕವನ್ನು ಮುಟ್ಟಲೇಬೇಡಿ. ಅಲ್ಲಿ ವಿದ್ಯುತ್ತು ಇಲ್ಲದಿರುವುದೇ ರಕ್ಷೆ. ಗಾಳಿಚೀಲದ ವ್ಯವಸ್ಥೆ ಬ್ಯಾಟರಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ಕಾರಿನ ಪುಸ್ತಕ ಎಷ್ಟು ನಿಮಿಷ ಕಾಯಲು ಹೇಳಿದೆಯೋ ಅಷ್ಟು ಕಾದು ಆಮೇಲೆ ಅಲ್ಲಿಗೆ ಕೈ ಹಾಕಬೇಕು. ಗಡಿಯಾರವನ್ನು ಮತ್ತೆ ತಿರುಗಿಸಿಕೊಳ್ಳಬಹುದು, ಬೆರಳನ್ನು ಮತ್ತೆ ತರಲಾಗದು.

ಸ್ಮೃತಿ ಉಳಿಸಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚಿಬಿಡುವ ಅಡ್ಡದಾರಿಯೊಂದಿದೆ. ಆಲ್ಟರ್ನೇಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹೀಗೆ ಮಾಡುತ್ತಿದ್ದ ಹಳೆಯ ಕೈಗಳು ಅನೇಕ. ಹಳೆಯ ಗಾಡಿಗಳು ಅದನ್ನು ತಡೆದುಕೊಂಡವು. ಈಗಿನ ಕಾರು ತಡೆಯುವುದಿಲ್ಲ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಆಲ್ಟರ್ನೇಟರಿನ ಏರಿಳಿತಗಳನ್ನು ಹೀರಿಕೊಳ್ಳುವ ದೊಡ್ಡ ಕೆರೆಯಿದ್ದಂತೆ. ಕೆರೆಯನ್ನು ಒಮ್ಮೆಗೇ ತೆಗೆದರೆ ವೋಲ್ಟೇಜು ಕ್ಷಣಮಾತ್ರ 80, 100ರವರೆಗೂ ನೆಗೆಯಬಹುದು. ಹಲಗೆಯ ಬರಹ ಉಳಿಸಲು ಹೋಗಿ ಹಲಗೆಯನ್ನೇ ಸುಟ್ಟಂತಾಗುತ್ತದೆ.

ಇನ್ನು ಕೆಲಸದ ಕ್ರಮ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆಯಿರಿ. ದೀಪ, ಫ್ಯಾನು, ರೇಡಿಯೋ ಆರಿಸಿ. ಮುಂದಿನ ಒಂದು ಕಿಟಕಿಯ ಗಾಜು ಇಳಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಳ್ಳಿ; ಬ್ಯಾಟರಿ ತಿರುಗಿ ಹಾಕಿದ ಗಳಿಗೆಯಲ್ಲಿ ಕೆಲವು ಕಾರುಗಳು ತಾವೇ ಬೀಗ ಹಾಕಿಕೊಳ್ಳುತ್ತವೆ. ಐದು ಹತ್ತು ನಿಮಿಷ ಸುಮ್ಮನಿರಿ, ಕಂಪ್ಯೂಟರುಗಳು ನಿದ್ದೆಗೆ ಹೋಗಲಿ. ಉಂಗುರ, ಗಡಿಯಾರ ತೆಗೆದಿಡಿ. ಮೈನಸ್ ಕೊಂಡಿ ಸಡಿಲಿಸಿ, ಅಲುಗಾಡಿಸಿ ಮೇಲೆತ್ತಿ, ತಿರುಗಿ ಗೂಟಕ್ಕೆ ತಗುಲದಂತೆ ಒಣ ಬಟ್ಟೆ ಸುತ್ತಿ ಬದಿಗಿಡಿ. ಕೊಂಡಿಯ ಮೇಲೆ ಸಣ್ಣ ಪೆಟ್ಟಿಗೆಯಂಥದ್ದು ಇದ್ದರೆ ಅದು ಬ್ಯಾಟರಿಯ ಸ್ಥಿತಿ ಅಳೆಯುವ ಸೂಕ್ಷ್ಮ ಭಾಗ, ಸ್ಕ್ರೂಡ್ರೈವರಿನಿಂದ ಮೀಟಬಾರದು. ಆಮೇಲೆ ಪ್ಲಸ್ ಕೊಂಡಿ. ನಂತರ ಬ್ಯಾಟರಿಯನ್ನು ಹಿಡಿದಿಟ್ಟ ಪಟ್ಟಿ ಬಿಚ್ಚಿ ನೆಟ್ಟಗೆ ಎತ್ತಿ. ಹತ್ತು ಹದಿನೈದು ಕಿಲೋ ತೂಕವಿರುತ್ತದೆ, ಸೊಂಟ ಜೋಪಾನ.

ತುದಿಗಳಲ್ಲಿ ಬಿಳಿ ಅಥವಾ ನೀಲಿ ಪುಡಿ ಇದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ. ಆಮ್ಲ ಸೋಡಾ ಸೇರಿ ನೊರೆಯೆದ್ದು ಶಾಂತವಾಗುತ್ತದೆ. ಬ್ಯಾಟರಿಯ ತೂತುಗಳೊಳಗೆ ಅದು ಇಳಿಯದಂತೆ ನೋಡಿಕೊಳ್ಳಿ. ಒರೆಸಿ ಒಣಗಿಸಿ, ಮೊದಲು ಪ್ಲಸ್, ಆಮೇಲೆ ಮೈನಸ್ ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಮೈನಸ್ ತಗುಲಿಸುವಾಗ ಚಿಟಿಕೆಯಷ್ಟು ಕಿಡಿ ಕಂಡರೆ ಗಾಬರಿ ಬೇಡ, ಎಚ್ಚರಗೊಳ್ಳುವ ಕಂಪ್ಯೂಟರುಗಳು ಒಂದು ಗುಟುಕು ವಿದ್ಯುತ್ತು ಕುಡಿದದ್ದು ಅದು.

ಆಮೇಲೆ ಎಂಜಿನ್ ಕೆಲವು ನಿಮಿಷ ಒರಟಾಗಿ ಓಡಬಹುದು. ಒಂದೆರಡು ದಿನ ಸಾಮಾನ್ಯವಾಗಿ ಓಡಿಸಿದರೆ ತಾನೇ ಕಲಿತುಕೊಳ್ಳುತ್ತದೆ. ಕಿಟಕಿಯ ಗುಂಡಿಯನ್ನು ಗಾಜು ಪೂರ್ತಿ ಏರಿದ ಮೇಲೂ ಕೆಲವು ಸೆಕೆಂಡು ಒತ್ತಿ ಹಿಡಿದರೆ ಅನೇಕ ಕಾರುಗಳಲ್ಲಿ ಅದರ ಅಭ್ಯಾಸ ಮರಳುತ್ತದೆ. ಎಚ್ಚರಿಕೆಯ ದೀಪವೊಂದು ಆರದೆ ಉಳಿದರೆ ಮಾತ್ರ ತಿಳಿದವರಿಗೆ ತೋರಿಸಿ. ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಹೊರಡುವ ಎಂಜಿನ್ನಿನ ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯ ವಿವರವನ್ನು ಕಂಪ್ಯೂಟರಿಗೆ ತಿಳಿಸಬೇಕಾಗುತ್ತದೆ. ಅದು ಮನೆಯ ಕೆಲಸವಲ್ಲ. ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಕಂಡರೆ ಕೈ ಹಿಂದೆಗೆಯಿರಿ. ಅಲ್ಲಿರುವುದು ನೂರಾರು ವೋಲ್ಟು, ಪ್ರಾಣಾಂತಕ.

ಕೊನೆಯದಾಗಿ, ಬಿಚ್ಚುವ ಅಗತ್ಯವೇ ಇದೆಯೇ ಎಂದೂ ಯೋಚಿಸಿ. 2020ರ ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಿಂತಲ್ಲೇ ನಿಂತ ಎಷ್ಟೋ ಕಾರುಗಳ ಬ್ಯಾಟರಿ ಬರಿದಾಯಿತು. ನನ್ನದೂ ಆಯಿತು. ಲೆಕ್ಕ ಸುಲಭ. ನಿದ್ರಿಸುವ ಕಾರು 30 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಮುಕ್ಕಾಲು ಆಂಪಿಯರ್-ಗಂಟೆಯ ಹತ್ತಿರವಾಯಿತು. ತಿಂಗಳಿಗೆ ಸುಮಾರು 22. ಸಣ್ಣ ಕಾರಿನ ಬ್ಯಾಟರಿಯಲ್ಲಿ ಇರುವುದೇ 35ರಷ್ಟು. ಒಂದೆರಡು ವಾರದ ಪ್ರವಾಸಕ್ಕೆ ಹೋಗುವವರು ಒಳ್ಳೆಯ ಬ್ಯಾಟರಿಯನ್ನು ಬಿಚ್ಚಬೇಕಾಗಿಲ್ಲ. ತಿಂಗಳು ಮೀರುವುದಾದರೆ ಮನೆಯವರಿಗೆ ಹೇಳಿ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲಿ, ಇಲ್ಲವೇ ತಾನೇ ನಿಲ್ಲುವ ಸಣ್ಣ ಚಾರ್ಜರು ಹಾಕಿಡಲಿ. ಎರಡೂ ಆಗದಿದ್ದರೆ ಮೈನಸ್ ತಂತಿಯೊಂದನ್ನು ಬಿಚ್ಚಿಟ್ಟರೆ ಸಾಕು. ಹಳೆಯ ಬ್ಯಾಟರಿಯನ್ನು ಮಾತ್ರ ಗುಜರಿಗೆ ಹಾಕದೆ ಹೊಸದು ಕೊಂಡ ಅಂಗಡಿಗೇ ಹಿಂದಿರುಗಿಸಿ. ಸೀಸ ನೆಲಕ್ಕೂ ನೀರಿಗೂ ಮಕ್ಕಳಿಗೂ ವಿಷ.

ತೀರ್ಥಹಳ್ಳಿಯ ಆ ಚಾಲಕರು ಸಂಜೆ ನನ್ನ ಅಂಗೈಗೆ ಎಣ್ಣೆ ಸವರಲು ಬಂದರು. ಸುಟ್ಟ ಗಾಯಕ್ಕೆ ಎಣ್ಣೆ ಬೇಡ, ತಣ್ಣೀರು ಸಾಕು ಎಂದೆ. ಅವರು ಯಾಕೆ ಎಂದು ಕೇಳಿದರು, ನಾನು ಕಾರಣ ಹೇಳಿದೆ. ಆಮೇಲೆ ಒಂದು ಕಾಗದದ ಮೇಲೆ ಜೀಪಿನ ಮಂಡಲ ಬರೆದು, ಸ್ಪ್ಯಾನರನ್ನೂ ಬರೆದು, ಅವರ ಗುರುಗಳು ಹೇಳಿದ್ದು ಏಕೆ ಸರಿ ಎಂದು ವಿವರಿಸಿದೆ. ಕಾಗದವನ್ನು ಮಡಿಸಿ ಅವರು ಜೇಬಿನಲ್ಲಿಟ್ಟುಕೊಂಡರು. ನೀವೂ ಈ ಪುಟವನ್ನು ಕಾರಿನ ಪುಸ್ತಕದೊಳಗೆ ಇಟ್ಟುಕೊಂಡರೆ ನನ್ನ ಶ್ರಮ ಸಾರ್ಥಕ.